ಕಾರು ಆಮೇಲೆ, ಮೊದಲು ಅರ್ತಿಂಗ್ ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳವರೆಗೂ ಮಿಕ್ಸಿ, ಫ್ರಿಜ್ಜು ಅಂತ ಬರೆಯುತ್ತಿದ್ದವರು ಈ ಸಲ ಒಮ್ಮೆಲೇ ಎಲೆಕ್ಟ್ರಿಕ್ ಕಾರು ಹತ್ತಿಬಿಟ್ಟಿದ್ದಾರೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರವೇ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ನಾನೂ ಬಳ್ಳಾರಿಯವನೇ. ಇಲ್ಲಿನ ಬಿಸಿಲು, ಧೂಳು, ಡಿಮ್ ಕರೆಂಟು ಮೂರನ್ನೂ ಉಂಡವನು. ಬೆಂಗಳೂರಿನವರು ಯೂಟ್ಯೂಬ್‌ನಲ್ಲಿ ಹೇಳೋದರಲ್ಲಿ ಅರ್ಧ ನಮಗೆ ಹೊಂದುತ್ತದೆ, ಇನ್ನರ್ಧ ಹೊಂದುವುದಿಲ್ಲ.

ಸರ್, ಯುಗಾದಿಗೆ ಎಲೆಕ್ಟ್ರಿಕ್ ಕಾರು ತಗೊಂಡೆವು. ಮನೆಯಲ್ಲಿ ಪ್ಲಗ್ ಹಾಕಿದರೆ ಚಾರ್ಜರ್ ಪೆಟ್ಟಿಗೆಯಲ್ಲಿ ಕೆಂಪು ಲೈಟ್ ಬರುತ್ತದೆ, ಚಾರ್ಜ್ ಆಗೋದಿಲ್ಲ. ಅದೇ ಕಾರು ಬಳ್ಳಾರಿಯ ಬೀಗರ ಮನೆಯಲ್ಲಿ ಚೆನ್ನಾಗಿ ಚಾರ್ಜ್ ಆಗುತ್ತದೆ. ಶೋರೂಮಿನವರು ಕಾರು ಸರಿ ಇದೆ ಅಂತಾರೆ. ನಮ್ಮ ವೈರ್‌ಮನ್ ಕರೆಂಟು ಸರಿ ಇದೆ ಅಂತಾನೆ. ಯಾರನ್ನ ನಂಬೋಣ? (ಓದುಗರು, ಸಿಂಧನೂರು)

ಇಬ್ಬರನ್ನೂ ನಂಬಿ. ಕಾರೂ ಸರಿ ಇದೆ, ಕರೆಂಟೂ ಇದೆ. ಇಲ್ಲದಿರೋದು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನ ಭೂಮಿಗೆ ಇಳಿಸುವ ದಾರಿ.

ನಮ್ಮ ಕಡೆ ಮನೆಗಳಲ್ಲಿ ಅರ್ತಿಂಗ್ ಇಲ್ಲದೆಯೇ ಫ್ರಿಜ್ಜು, ಮಿಕ್ಸಿ, ಟಿವಿ ಎಲ್ಲ ಹತ್ತಿಪ್ಪತ್ತು ವರ್ಷ ನಡೆದುಬಿಡುತ್ತವೆ. ಬೇಸಿಗೆಯಲ್ಲಿ ಕೂಲರಿಗೆ ನೀರು ಹಾಕುವಾಗ ಕೈ ಜುಮ್ ಅಂದರೆ 'ಚಪ್ಪಲಿ ಹಾಕ್ಕೊಂಡು ಮುಟ್ಟು' ಅಂತಾರೆಯೇ ಹೊರತು ಯಾಕೆ ಹೊಡೀತು ಅಂತ ಯಾರೂ ಕೇಳುವುದಿಲ್ಲ. ಕಾರಿನ ಚಾರ್ಜರಿಗೆ ಚಪ್ಪಲಿ ಹಾಕಲು ಬರುವುದಿಲ್ಲ. ಅದು ಶುರು ಮಾಡುವ ಮೊದಲು ಅರ್ತ್ ಇದೆಯಾ ಅಂತ ನೋಡುತ್ತದೆ, ಇಲ್ಲ ಅಂದರೆ ಕೆಂಪು ಲೈಟ್ ಹಾಕಿ ಸುಮ್ನೆ ಕೂರುತ್ತದೆ. ಒಳ್ಳೆಯದನ್ನೇ ಮಾಡುತ್ತಿದೆ ಅದು.

ನನ್ನ ಮನೆಯಲ್ಲೂ ಇದೇ ಆಯ್ತು. ಮೇನ್ ಆಫ್ ಮಾಡಿ, ಪೋರ್ಚಿನ ಸ್ವಿಚ್‌ಬೋರ್ಡ್ ಬಿಚ್ಚಿದೆ. ಪವರ್ ಪ್ಲಗ್ಗಿಗೆ ಕೆಂಪು, ಕಪ್ಪು, ಹಸಿರು ಮೂರು ವೈರು ಬರಬೇಕು ಅಲ್ವಾ, ಬಂದಿದ್ದವು. ಆದರೆ ಹಸಿರು ವೈರಿನ ತುದಿಯನ್ನ ಎರಡು ಇಂಚು ಮಡಚಿ, ಕರಿ ಟೇಪ್ ಸುತ್ತಿ, ಡಬ್ಬಿಯ ಮೂಲೆಗೆ ತುರುಕಿಟ್ಟಿದ್ದರು. ನೋಡೋಕೆ ಪ್ಲಗ್ಗಿಗೆ ಮೂರು ತೂತು, ಕೆಲಸಕ್ಕೆ ಎರಡೇ. ಹನ್ನೊಂದು ವರ್ಷ ನಾನು ಅದರ ಮುಂದೆಯೇ ಕೂತು ಪೇಪರ್ ಓದಿದ್ದೇನೆ. ವೈರು ಜೋಡಿಸಿದೆ, ಆದರೂ ಕೆಂಪು ಲೈಟ್ ಹೋಗಲಿಲ್ಲ. ಆಮೇಲೆ ತುಳಸಿಕಟ್ಟೆ ಪಕ್ಕ ಅರ್ತಿಂಗ್ ಗುಂಡಿ ಇದೆ ಅಂತ ನೆನಪಾಯಿತು. ಮುಚ್ಚಳದ ಮೇಲೆ ಹೂವಿನ ಕುಂಡ ಇಟ್ಟಿದ್ದೆವು. ತೆಗೆದು ನೋಡಿದರೆ ಒಳಗೆ ಮಣ್ಣು ಬೂದಿ ಹಾಗೆ ಒಣಗಿತ್ತು. ನಾಲ್ಕು ಬಕೆಟ್ ನೀರು ಹಾಕಿ, ಅರ್ಧ ಗಂಟೆ ಬಿಟ್ಟು ಪ್ಲಗ್ ಹಾಕಿದೆ. ಹಸಿರು ಲೈಟ್ ಬಂತು. ನಮ್ಮ ಮನೆಯವರು ತುಳಸಮ್ಮನಿಗೆ ಕೈ ಮುಗಿದರು.

ನಿಮ್ಮದು ಸಿಂಧನೂರು, ಎರೆಮಣ್ಣು. ಮಳೆಗಾಲದಲ್ಲಿ ಆ ಮಣ್ಣು ನೀರು ಹಿಡಿದುಕೊಂಡು ಒಳ್ಳೆ ಅರ್ತ್ ಕೊಡುತ್ತದೆ. ಬೇಸಿಗೆ ಬಂತೋ, ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಬಿರುಕು ಬಿಟ್ಟಾಗ ಮಣ್ಣು ಗುಂಡಿಯಲ್ಲಿ ಹೂತ ಅರ್ತಿಂಗ್ ರಾಡಿನಿಂದ ಸರಿದು ನಿಲ್ಲುತ್ತದೆ, ಆಮೇಲೆ ರಾಡಿಗೂ ಭೂಮಿಗೂ ಸಂಬಂಧವೇ ಇಲ್ಲ. ಯುಗಾದಿಯಿಂದ ಮಳೆ ಬೀಳುವವರೆಗೆ ಕೆಂಪು ಲೈಟ್, ಆಮೇಲೆ ತಾನಾಗಿಯೇ ಸರಿ, ಅನ್ನುವ ಕಥೆಗಳು ಹೀಗೇ ಹುಟ್ಟೋದು. ಬಳ್ಳಾರಿಯ ಕೆಂಪು ಕಲ್ಲುನೆಲದ್ದು ಬೇರೆ ತೊಂದರೆ, ಅಲ್ಲಿ ರಾಡು ಕೆಳಗೆ ಇಳಿಯೋದೇ ಕಷ್ಟ. ಇದ್ದಿಲು, ಉಪ್ಪು ಹಾಕಿದ ಗುಂಡಿ ಸರಿಯಾಗಿ ಮಾಡಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಅರ್ತ್ ಟೆಸ್ಟರ್ ಇರುವವರನ್ನ ಕರೆಸಿ ಅರ್ತಿನ ತಡೆ ಎಷ್ಟಿದೆ ಅಂತ ಅಳತೆ ಮಾಡಿಸಿ, 5 ಓಮ್‌ಗಿಂತ ಕಡಿಮೆ ಬಂದರೆ ನೆಮ್ಮದಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆಲವು ವೈರ್‌ಮನ್‌ಗಳು ಇದಕ್ಕೆ ಎರಡು ನಿಮಿಷದ ಮದ್ದು ಮಾಡುತ್ತಾರೆ. ಪ್ಲಗ್ಗಿನ ಒಳಗೆ ಕರೆಂಟು ವಾಪಸ್ ಹೋಗುವ ಕಪ್ಪು ವೈರು, ಅಂದರೆ ನ್ಯೂಟ್ರಲ್‌ನಿಂದ ಒಂದು ತುಂಡು ವೈರು ಎಳೆದು ಅರ್ತ್ ಪಿನ್ನಿಗೆ ಸೇರಿಸಿಬಿಡುತ್ತಾರೆ. ಚಾರ್ಜರ್ ಮೋಸ ಹೋಗುತ್ತದೆ, ಹಸಿರು ಲೈಟ್ ಬರುತ್ತದೆ, ಅವನು ದುಡ್ಡು ಇಸ್ಕೊಂಡು ಹೋಗುತ್ತಾನೆ. ಆಮೇಲೆ ಯಾವತ್ತೋ ಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ವೈರು ಕಡಿದರೆ, ಫೇಸಿನ, ಅಂದರೆ ಕೆಂಪು ವೈರಿನ ಕರೆಂಟು ಮನೆಯ ಯಾವುದೋ ಬಲ್ಬಿನಿಂದ ತಿರುಗಿ, ಅರ್ತ್ ಪಿನ್ನಿನ ಮೂಲಕ ಸೀದಾ ಕಾರಿನ ಬಾಡಿಗೆ ಬರುತ್ತದೆ. ಬಾಗಿಲು ತೆಗೆಯಲು ಕೈ ಇಟ್ಟವರ ಗತಿ ಏನು? ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಇವತ್ತೇ ತೆಗೆಸಿ.

ಕಾರಿಗೆ ಅಂತಲೇ ಮೀಟರ್ ಬೋರ್ಡಿನಿಂದ ಬೇರೆ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೊಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಜೊತೆಗೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ಮಿಕ್ಸಿ ಐದು ನಿಮಿಷ ತಿರುಗುತ್ತದೆ. ಕಾರು ಎಂಟು ಗಂಟೆ ಒಂದೇ ಸಮನೆ 13, 14 ಆಂಪ್ ಎಳೆಯುತ್ತದೆ. ಚಾರ್ಜಿಗೆ ಹಾಕಿ ಅರ್ಧ ಗಂಟೆ ಆದಮೇಲೆ ಪ್ಲಗ್ಗಿನ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲು ಆಗದಷ್ಟು ಸುಟ್ಟರೆ ನಿಲ್ಲಿಸಿ, ಸಾಕೆಟ್ ಬದಲಿಸಿ.

ನಮಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತದೆ. ಸರಾಸರಿ ತಿಂಗಳಿಗೆ 120 ಯೂನಿಟ್. ಯಜಮಾನರು ಎಲೆಕ್ಟ್ರಿಕ್ ಕಾರು ತರೋಣ ಅಂತಾರೆ, ನಾನು ಸ್ಕೂಟರ್ ಸಾಕು ಅಂತೀನಿ. ಸೊನ್ನೆ ಬಿಲ್ ಹೋಗಿಬಿಡುತ್ತಾ? (ಗೃಹಿಣಿ, ಕೊಪ್ಪಳ)

ಅಕ್ಕಾರೆ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಶೋರೂಮಿನಲ್ಲಿ ಇದನ್ನ ಯಾರೂ ಹೇಳೋದಿಲ್ಲ.

ನಿಮ್ಮ ಸರಾಸರಿ 120, ಅದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 132. ಅಲ್ಲಿವರೆಗೆ ಪುಕ್ಕಟೆ. ಅದನ್ನ ದಾಟಿ 200ರ ಒಳಗೆ ಇದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಸ್ಕೂಟರ್ ದಿನಕ್ಕೆ 30 ಕಿಲೋಮೀಟರ್ ಓಡಿದರೂ ಒಂದೂಕಾಲು ಯೂನಿಟ್ ಆಗಬಹುದು, ತಿಂಗಳಿಗೆ 35, 40. ಒಟ್ಟು 160ರ ಒಳಗೇ ಮುಗಿಯಿತು. ಇಪ್ಪತ್ತೈದು, ಮೂವತ್ತು ಯೂನಿಟ್ಟಿಗೆ ಕಟ್ಟುತ್ತೀರಿ ಅಷ್ಟೇ.

ಕಾರು ಹಾಗಲ್ಲ. ಸಣ್ಣ ಕಾರು ಗೋಡೆಯಿಂದ ಎಳೆದ ಒಂದು ಯೂನಿಟ್ಟಿಗೆ ಸುಮಾರು 6 ಕಿಲೋಮೀಟರ್ ಕೊಡುತ್ತದೆ ಅಂದುಕೊಳ್ಳಿ. ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವ ಕರೆಂಟೂ ಇದರಲ್ಲೇ ಬಂತು. ದಿನಕ್ಕೆ 40 ಕಿಲೋಮೀಟರ್ ಅಂದರೆ ತಿಂಗಳಿಗೆ 1,200, ಅಂದರೆ 200 ಯೂನಿಟ್. ಮನೆಯದು ಸೇರಿ 320. ಸೊನ್ನೆ ಬಿಲ್ಲಿಗೆ ಅಲ್ಲಿಗೆ ನಮಸ್ಕಾರ. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದರೆ 1,920, ನಿಗದಿ ಶುಲ್ಕ, ತೆರಿಗೆ ಎಲ್ಲ ಸೇರಿದರೆ ಎರಡೂವರೆ ಸಾವಿರ ದಾಟಬಹುದು. ಅಷ್ಟೇ ದೂರಕ್ಕೆ ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರು 80 ಲೀಟರ್ ಕುಡಿಯುತ್ತದೆ, ಎಂಟು ಸಾವಿರಕ್ಕೆ ಕಡಿಮೆ ಇಲ್ಲ. ಹಾಗಾಗಿ ಸೊನ್ನೆ ಬಿಲ್ ಹೋದರೂ ಮನೆಯಲ್ಲಿ ದುಡ್ಡು ಉಳಿಯುತ್ತದೆ, ದಿನಾ ಓಡಿಸೋದು ಇದ್ದರೆ ಮಾತ್ರ. ವಾರಕ್ಕೊಮ್ಮೆ ಹುಲಿಗೆಮ್ಮನ ಗುಡಿಗೆ ಹೋಗಿ ಬರೋದಕ್ಕೆ ಅಂತಾದರೆ ನೀವು ಹೇಳೋದೇ ಸರಿ, ಸ್ಕೂಟರ್ ತಗೊಳ್ಳಿ. ಯಜಮಾನರಿಗೆ ಈ ಪುಟ ತೋರಿಸಿ.

ಇನ್ನೊಂದು. ನಿಮ್ಮ ಬಿಲ್ಲಿನ ಮೇಲೆ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹಳೇ ಮನೆಗಳಲ್ಲಿ 1 ಕಿಲೋವ್ಯಾಟ್ ಇರೋದೇ ಜಾಸ್ತಿ. ಕಾರಿನ ಚಾರ್ಜರ್ ಒಂದೇ 3 ಎಳೆಯುತ್ತದೆ. ಜೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಲೋಡ್ ಜಾಸ್ತಿ ಮಾಡಿಸಿಕೊಳ್ಳಿ. ಗಾಡಿ ಚಾರ್ಜಿಂಗ್‌ಗೆ ಎಲ್‌ಟಿ-6ಸಿ ಅಂತ ಬೇರೆ ದರವೇ ಇದೆ, ಅದಕ್ಕೆ ಬೇರೆ ಮೀಟರ್ ಕೊಡುತ್ತೀರಾ ಅಂತಲೂ ಕೇಳಿ. ಹಾಗೆ ಆದರೆ ಮನೆ ಮೀಟರಿನ ಲೆಕ್ಕಕ್ಕೆ ಕಾರು ಬರುವುದಿಲ್ಲ.

ತಾರಸಿ ಖಾಲಿ ಇದ್ದರೆ ಸೋಲಾರ್ ಬಗ್ಗೆಯೂ ಯೋಚಿಸಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಂದು ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಆಸುಪಾಸು ಬರುತ್ತದೆ. ನಮ್ಮ ಕಡೆ ಬಿಸಿಲಿಗೇನು ಬರ? ಧೂಳು ಒರೆಸಬೇಕು, ಅದೇ ಕೆಲಸ.

ಬಳ್ಳಾರಿಯಿಂದ ಬೆಂಗಳೂರಿಗೆ ಎಲೆಕ್ಟ್ರಿಕ್ ಕಾರಲ್ಲಿ ಹೋಗಬಹುದಾ? ಕಂಪನಿಯವರು 300 ಕಿಲೋಮೀಟರ್ ಓಡುತ್ತೆ ಅಂತಾರೆ. (ಓದುಗ, ಕುರುಗೋಡು)

ಹೋಗಬಹುದು. ಆದರೆ ಆ 300 ಪರೀಕ್ಷೆಯಲ್ಲಿ ನಿಧಾನವಾಗಿ ಓಡಿಸಿದಾಗ ಬಂದದ್ದು. ಏಸಿ ಹಾಕಿಕೊಂಡು, ನಾಲ್ಕು ಜನ ಕೂತು, 100ರಲ್ಲಿ ಓಡಿಸಿದರೆ 200 ಬಂದರೆ ಪುಣ್ಯ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇರುವುದರ ಒಂದೂವರೆ ಪಟ್ಟು 100ರಲ್ಲಿ ಆಗುತ್ತದೆ. ಹಾಗಾಗಿ ಕಾಲು ಸ್ವಲ್ಪ ಎತ್ತಿದರೆ ಸಿಗುವಷ್ಟು ದೂರ ಬೇರೆ ಯಾವ ಉಪಾಯದಲ್ಲೂ ಸಿಗುವುದಿಲ್ಲ.

ದಾರಿ ಸುಮಾರು 310 ಕಿಲೋಮೀಟರ್. ಚಳ್ಳಕೆರೆ ಮೇಲೆ ಹಿರಿಯೂರಿಗೆ ಬಂದರೆ ಅರ್ಧ ಮುಗಿಯುತ್ತದೆ. ಅಲ್ಲಿಂದ ಮುಂದೆ ದೊಡ್ಡ ಹೆದ್ದಾರಿ, ಚಾರ್ಜರ್‌ಗಳು ಸಿಗುತ್ತವೆ. ಬಳ್ಳಾರಿಯಿಂದ ಹಿರಿಯೂರಿನ ನಡುವೆ ಯಾವುದನ್ನೂ ನೆಚ್ಚಿಕೊಳ್ಳದೆ ಮನೆಯಿಂದಲೇ ಪೂರ್ತಿ ತುಂಬಿಸಿಕೊಂಡು ಹೊರಡಿ. ನಾನು ಒಂದು ಸಲ ಆ್ಯಪ್ ತೋರಿಸಿದ ಒಂದೇ ಒಂದು ಚಾರ್ಜರ್ ನಂಬಿ ಹೋಗಿ, ಒಂದು ಹೋಟೆಲಿನ ಮುಂದೆ ಮೂರು ಗಂಟೆ ಕೂತಿದ್ದೇನೆ. ಕರೆಂಟ್ ಇರಲಿಲ್ಲ. ಜನರೇಟರ್ ಇತ್ತು, ಆದರೆ ಅದು ಫ್ರಿಜ್ಜಿಗೆ, ಕಾರಿಗಲ್ಲ ಅಂದರು. ನಾಲ್ಕು ಸಲ ಚಹಾ ಕುಡಿದೆ. ಅವತ್ತಿಂದ ಒಂದೇ ಚಾರ್ಜಿಂಗ್ ಗನ್ ಇರುವ ಜಾಗವನ್ನ ಇಲ್ಲ ಅಂತಲೇ ಲೆಕ್ಕ ಹಾಕುತ್ತೇನೆ.

ಇನ್ವರ್ಟರ್ ಬ್ಯಾಟರಿಗೆ ಏಸಿಯಿಂದ ಹನಿಯುವ ನೀರು ಹಾಕಬಹುದಾ? ಫಿಲ್ಟರ್ ನೀರು? (ಓದುಗರು, ಕುಷ್ಟಗಿ)

ಎರಡೂ ಬೇಡ. ಏಸಿ ನೀರು ನೋಡೋಕೆ ತಿಳಿ, ಆದರೆ ಒಳಗಿನ ಕಾಯಿಲ್ ಮೇಲಿನ ಧೂಳು, ಲೋಹದ ಅಂಶ ತೊಳೆದುಕೊಂಡು ಬಂದಿರುತ್ತದೆ. ಫಿಲ್ಟರ್ ನೀರಲ್ಲೂ ಉಪ್ಪು ಉಳಿದಿರುತ್ತದೆ. ಬೋರ್ ನೀರಂತೂ ಬ್ಯಾಟರಿಗೆ ವಿಷ. ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನ್ ತನ್ನಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ.

ರಾಯಚೂರಿನ ಬಿಸಿಲಿಗೆ ಕಾರಿನ ಬ್ಯಾಟರಿ ಸಿಡಿದುಬಿಡುತ್ತಾ? ಮನೆಯವರು ಹೆದರಿಸುತ್ತಿದ್ದಾರೆ. (ಓದುಗ, ರಾಯಚೂರು)

ಬರೀ ಬಿಸಿಲಿಗೆ ಸಿಡಿಯುವುದಿಲ್ಲ, ಆದರೆ ಬೇಗ ಮುದಿಯಾಗುತ್ತದೆ. ಬ್ಯಾಟರಿಗೆ ಕೆಟ್ಟದ್ದು ಎರಡು ಸೇರಿದಾಗ: ಮೈತುಂಬ ಚಾರ್ಜು, ಮೇಲೆ ಬಿಸಿ. ನೂರಕ್ಕೆ ನೂರು ತುಂಬಿಸಿ, ಮಧ್ಯಾಹ್ನವೆಲ್ಲ ಸ್ಟೇಷನ್ ಮುಂದಿನ ಬಯಲಲ್ಲಿ ನಿಲ್ಲಿಸಬೇಡಿ. ಬೇವಿನ ಮರ ಹುಡುಕಿ, ಹಕ್ಕಿ ಹಿಕ್ಕೆ ಒರೆಸಿದರಾಯಿತು. ಊರು ಸುತ್ತಿ ಬಂದ ತಕ್ಷಣ ಪ್ಲಗ್ ಹಾಕುವ ಬದಲು ಬೆಳಗಿನ ಜಾವ ಹಾಕಿ. ಕಾರಿನ ಲಿಥಿಯಂ ಬ್ಯಾಟರಿಯಲ್ಲಿ ಎಲ್‌ಎಫ್‌ಪಿ, ಎನ್‌ಎಂಸಿ ಅಂತ ಎರಡು ಬಗೆ ಹೆಚ್ಚು. ಬ್ಯಾಟರಿ ಎಲ್‌ಎಫ್‌ಪಿ ಅಂತಿದ್ದರೆ ಆಗಾಗ ಪೂರ್ತಿ ತುಂಬಿಸಬೇಕು, ಇಲ್ಲದಿದ್ದರೆ ಮೀಟರು ತಪ್ಪು ತೋರಿಸಲು ಶುರು ಮಾಡುತ್ತದೆ. ಎನ್‌ಎಂಸಿ ಆಗಿದ್ದರೆ ದಿನದ ಬಳಕೆಗೆ ನೂರಕ್ಕೆ 80 ತುಂಬಿಸಿದರೆ ಸಾಕು. ಯಾವುದು ಅಂತ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಿ. ಹೌದು, ಆ ಪುಸ್ತಕ ಓದೋದಕ್ಕೇ ಕೊಟ್ಟಿರೋದು.

ನಾನು ಒಂಬತ್ತನೇ ಕ್ಲಾಸ್. ನನ್ನ ಗೆಳೆಯನ ಅಣ್ಣ ಆನ್‌ಲೈನಲ್ಲಿ ವಾಕಿಟಾಕಿ ತರಿಸಿದ್ದಾನೆ, ಅದರಲ್ಲಿ ಹ್ಯಾಮ್ ರೇಡಿಯೋ ಮಾತಾಡಬಹುದಂತೆ. ನಾನೂ ತರಿಸಲಾ? ಅಪ್ಪ, ಮೊಬೈಲ್ ಇರುವಾಗ ಅದೆಲ್ಲ ಯಾಕೆ ಅಂತಾರೆ. (ವಿದ್ಯಾರ್ಥಿ, ಸಂಡೂರು)

ತಮ್ಮಾ, ಈಗಲೇ ತರಿಸಬೇಡ. ಹ್ಯಾಮ್ ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು. ಆ ಸೆಟ್ಟು ಹ್ಯಾಮ್‌ಗೆ ಬಿಟ್ಟುಕೊಟ್ಟ ಜಾಗದಲ್ಲಷ್ಟೇ ಅಲ್ಲ, ಬೇರೆಯವರ ಫ್ರೀಕ್ವೆನ್ಸಿಯಲ್ಲೂ ಮಾತಾಡಬಲ್ಲದು. ಗೊತ್ತಿಲ್ಲದೆ ಬಟನ್ ಒತ್ತಿ ಯಾರದೋ ಮಾತಿನ ಮಧ್ಯೆ 'ಹಲೋ' ಅಂದರೆ ಕೇಸಾಗುತ್ತದೆ. ಗೆಳೆಯನ ಅಣ್ಣನಿಗೂ ಹೇಳು. ಮೊದಲು ಲೈಸೆನ್ಸ್. 12 ವರ್ಷ ತುಂಬಿದವರು ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು, ನಿನಗೆ ಆಗಲೇ ತುಂಬಿದೆ. ಕೇಂದ್ರದ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಇದನ್ನ ನೋಡಿಕೊಳ್ಳುತ್ತದೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಬೇಕಿಲ್ಲ. ಓಮ್ ನಿಯಮ, ಟ್ರಾನ್ಸಿಸ್ಟರ್, ಆಂಟೆನಾ, ಆಮೇಲೆ ಕಾನೂನು ಕಟ್ಟಳೆ, ಇಷ್ಟೇ. ಹತ್ತನೇ ಕ್ಲಾಸಿನ ವಿಜ್ಞಾನ ಗೊತ್ತಿದ್ದರೆ ಅರ್ಧ ದಾರಿ ಮುಗಿಯಿತು. ಪಾಸಾದರೆ ವಿಯು3 ಅಂತ ಶುರುವಾಗುವ ನಿನ್ನದೇ ರೇಡಿಯೋ ಹೆಸರು (ಕಾಲ್ ಸೈನ್) ಸಿಗುತ್ತದೆ, ಪ್ರಪಂಚದಲ್ಲಿ ಇನ್ನೊಬ್ಬರಿಗೆ ಅದು ಇರುವುದಿಲ್ಲ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನವರು ತರಬೇತಿ ಕೊಡುತ್ತಾರೆ, ಕೇಳಿ ನೋಡು.

ಅಪ್ಪನಿಗೆ ಏನು ಹೇಳಬೇಕು? 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಭಾರತಿ ಪ್ರಸಾದ್ ಅನ್ನುವ ಹ್ಯಾಮ್ ತಮ್ಮ ರೇಡಿಯೋ ಜೊತೆ ಪೋರ್ಟ್‌ಬ್ಲೇರ್‌ನಲ್ಲಿದ್ದರು. ಫೋನು ಸತ್ತುಹೋಗಿದ್ದಾಗ ಅಂಡಮಾನಿನ ಸುದ್ದಿ ಹೊರಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಅಷ್ಟು ದೂರ ಯಾಕೆ, 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನ ಮಳೆ, ಪ್ರವಾಹ ಅಪ್ಪನಿಗೆ ನೆನಪಿರುತ್ತದೆ. ಅಂಥ ಹೊತ್ತಲ್ಲಿ ಮೊಬೈಲ್ ಟವರ್ ನಿಲ್ಲೋದಕ್ಕೆ ಕರೆಂಟ್ ಹೋಗಿ, ಡೀಸೆಲ್ ಮುಗಿದರೆ ಸಾಕು. ಹ್ಯಾಮ್ ಸೆಟ್ಟಿಗೆ ಒಂದು ಬೈಕಿನ ಬ್ಯಾಟರಿ ಇದ್ದರೆ ನಡೆಯುತ್ತದೆ.

ನಿನ್ನ ಊರಿನ ವಿಷಯ. ಸಂಡೂರು ಗುಡ್ಡಗಳ ನಡುವಿನ ಬಟ್ಟಲು. ಕೈಯಲ್ಲಿ ಹಿಡಿಯುವ ಸೆಟ್ಟಿನ ಅಲೆ ಕಣ್ಣಿನ ನೋಟದ ಹಾಗೆ ನೆಟ್ಟಗೆ ಹೋಗುತ್ತದೆ, ಗುಡ್ಡ ಬಂದರೆ ಮುಗಿಯಿತು. ನಾನು ಬಳ್ಳಾರಿಯ ನಮ್ಮ ಓಣಿಯಲ್ಲಿ ನಿಂತು ಮಾತಾಡಿದರೆ ಮೂರ್ನಾಲ್ಕು ಕಿಲೋಮೀಟರ್ ದಾಟುವುದಿಲ್ಲ. ಅದೇ ಸೆಟ್ಟು ಹಿಡಿದು ಕೋಟೆ ಗುಡ್ಡ ಹತ್ತಿದರೆ ತೋರಣಗಲ್ಲಿನ ಗೆಳೆಯ ಪಕ್ಕದಲ್ಲೇ ಕೂತ ಹಾಗೆ ಮಾತಾಡುತ್ತಾನೆ. ಆದರೆ ನಿನಗೆ ತಲೆ ಮೇಲಿನ ಆಕಾಶ ಬಯಲು ಅಲ್ವಾ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 400 ಕಿಲೋಮೀಟರ್ ಮೇಲೆ ಹೋಗುತ್ತದೆ, ಅದರಲ್ಲೂ ಹ್ಯಾಮ್ ರೇಡಿಯೋ ಇದೆ. ನೆತ್ತಿಯ ಮೇಲೆ ಹಾದುಹೋಗುವ ಎಂಟು ಹತ್ತು ನಿಮಿಷ ಸಣ್ಣ ಆಂಟೆನಾಕ್ಕೂ ಸಿಗುತ್ತದೆ. ನಮ್ಮ ಇಸ್ರೋ ಕೂಡ 2005ರ ಮೇ 5ರಂದು ಹ್ಯಾಮ್‌ಸ್ಯಾಟ್ ಅಂತ ಹ್ಯಾಮ್‌ಗಳಿಗಾಗಿಯೇ ಒಂದು ಉಪಗ್ರಹ ಹಾರಿಸಿತ್ತು, 2014ರವರೆಗೆ ಕೆಲಸ ಮಾಡಿತು.

ಪರೀಕ್ಷೆ ಆಗುವವರೆಗೆ ಮೊಬೈಲಿನಲ್ಲೇ ಕೇಳು. ನೆದರ್ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ತಮ್ಮ ರೇಡಿಯೋವನ್ನ ವೆಬ್‌ಎಸ್‌ಡಿಆರ್ ಅನ್ನುವ ಹೆಸರಲ್ಲಿ ಇಂಟರ್ನೆಟ್ಟಿಗೆ ಬಿಟ್ಟಿದ್ದಾರೆ, ಬೆರಳಲ್ಲಿ ಟ್ಯೂನ್ ಮಾಡಬಹುದು. ಮೊದಲ ದಿನ ಬರೀ ಕಿರಿಕಿರಿ ಅನಿಸುತ್ತದೆ. ನಾಲ್ಕನೇ ದಿನ ಒಬ್ಬ ಮುದುಕ ಇನ್ನೊಬ್ಬ ಮುದುಕನಿಗೆ ತನ್ನ ಊರಿನ ಮಳೆ ಬಗ್ಗೆ ಹೇಳೋದು ಕೇಳಿಸುತ್ತದೆ. ಆಮೇಲೆ ಬಿಡೋಕೆ ಆಗಲ್ಲ.

ಮಗ ಎಲೆಕ್ಟ್ರಿಕ್ ಕಾರು ತಂದಾಗಿನಿಂದ ನನ್ನ ರೇಡಿಯೋದಲ್ಲಿ ಧಾರವಾಡ ಸ್ಟೇಷನ್ ಬರೀ ಗರ್ ಅನ್ನುತ್ತದೆ. ಕಾರಿನ ರೇಡಿಯೋದಲ್ಲಂತೂ ಧಾರವಾಡ ಇಲ್ಲವೇ ಇಲ್ಲ. ಮಗ ನನ್ನ ರೇಡಿಯೋ ಹಳೇದಾಯಿತು ಅಂತಾನೆ. (ಹಿರಿಯರು, ಯಲಬುರ್ಗಾ)

ಕಾಕಾರೆ, ಕಾರಿನ ರೇಡಿಯೋದಲ್ಲಿ ಎಫ್‌ಎಂ ಮಾತ್ರ ಇರಬೇಕು. ಧಾರವಾಡ ಬರೋದು ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಎಲೆಕ್ಟ್ರಿಕ್ ಕಾರಿನ ಮೋಟರಿಗೆ ಕರೆಂಟು ಕೊಡುವ ಪೆಟ್ಟಿಗೆ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ, ಅದರ ಗದ್ದಲ ಮೀಡಿಯಂ ವೇವಿನ ಮೇಲೆಯೇ ಬೀಳುತ್ತದೆ. ಅದಕ್ಕೇ ಹೊರದೇಶದ ಎಷ್ಟೋ ಕಂಪನಿಗಳು ಎಲೆಕ್ಟ್ರಿಕ್ ಕಾರುಗಳಿಂದ ಆ ಬ್ಯಾಂಡನ್ನೇ ತೆಗೆದುಬಿಟ್ಟವು. ಮಗನ ಮೊಬೈಲಿನಲ್ಲಿ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಸಿ, ಕಾರಿನಲ್ಲಿ ಕೇಳಬಹುದು.

ಇನ್ನು ಮನೆಯ ರೇಡಿಯೋ. ತಪ್ಪು ಕಾರಿನದೇ ಅಂತ ಈಗಲೇ ತೀರ್ಮಾನ ಮಾಡಬೇಡಿ. ರೇಡಿಯೋಗೆ ಶೆಲ್ ಹಾಕಿ, ಧಾರವಾಡಕ್ಕೆ ಟ್ಯೂನ್ ಮಾಡಿ, ಕೈಯಲ್ಲಿ ಹಿಡಿದು ಮೀಟರ್ ಬೋರ್ಡಿನ ಹತ್ತಿರ ನಿಲ್ಲಿ. ಮಗನಿಗೆ ಒಂದೊಂದೇ ಸ್ವಿಚ್ ಇಳಿಸಲು ಹೇಳಿ. ಯಾವುದು ಇಳಿಸಿದಾಗ ಗರ್ ನಿಂತಿತೋ ಅದರ ಲೈನ್‌ನಲ್ಲಿ ಕಳ್ಳ ಇದ್ದಾನೆ. ರೇಡಿಯೋವನ್ನ ಅಡ್ಡ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಿ, ಒಳಗಿನ ಆಂಟೆನಾಕ್ಕೆ ದಿಕ್ಕು ಗೊತ್ತಾಗುತ್ತದೆ. ಒಂದು ಕಡೆ ಗದ್ದಲ ಇಳಿಯುತ್ತದೆ, ಅಲ್ಲೇ ಇಟ್ಟು ಕೇಳಿ.

ನಮ್ಮ ಓಣಿಯ ಒಬ್ಬ ಅಜ್ಜನ ಮನೆಯಲ್ಲಿ ಹೀಗೇ ಹುಡುಕಿದೆವು. ಅವರೂ ಮಗನ ಕಾರನ್ನ ಬೈಯುತ್ತಿದ್ದರು. ಕಾರಿನ ಎಂಸಿಬಿ ಇಳಿಸಿದೆವು, ಗರ್ ನಿಲ್ಲಲಿಲ್ಲ. ಫ್ಯಾನ್, ಫ್ರಿಜ್ಜು, ಟಿವಿ ಎಲ್ಲ ಇಳಿಸಿದೆವು. ಕೊನೆಗೆ ಅಡುಗೆಮನೆ ಸಾಲಿನ ಸ್ವಿಚ್ ಇಳಿಸಿದರೆ ಒಮ್ಮೆಲೇ ನಿಶ್ಶಬ್ದ, ಧಾರವಾಡದವರು ಕಿವಿಯಲ್ಲೇ ಮಾತಾಡಿದ ಹಾಗಾಯಿತು. ಅಜ್ಜಿ ದೇವರ ಮನೆಗೆ ಜಾತ್ರೆಯಲ್ಲಿ ತಂದ ಎಲ್ಇಡಿ ಮಾಲೆ ಹಾಕಿದ್ದರು, ಹಗಲೂ ರಾತ್ರಿ ಉರಿಯುತ್ತಿತ್ತು. ಕಾರು ಬಂದ ವಾರದಲ್ಲೇ ಅದೂ ಬಂದಿತ್ತು. ಈಗ ಅಜ್ಜ ವಾರ್ತೆ ಹೊತ್ತಿಗೆ ಅದನ್ನ ಆಫ್ ಮಾಡುತ್ತಾರೆ, ಮುಗಿದ ಮೇಲೆ ಅಜ್ಜಿ ಆನ್ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಯಾವ ಸ್ವಿಚ್ ಅಂತ ಸಿಕ್ಕ ಮೇಲೆ ಒಂದು ಕಾರ್ಡ್ ಹಾಕಿ.